ಗಿಡದ ಬಣ್ಣ, ಅಚ್ಚಿನ ಬಟ್ಟೆ: ನಮ್ಮ ಸುತ್ತಿನ ಒಂದು ಹಳೆಯ ವಿದ್ಯೆಯ ಚರಿತ್ರೆ

ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಚರಿತ್ರೆಯ ಒಂದು ಲೇಖನ ಇರಲೇಬೇಕು ಎಂಬುದು ವಾಡಿಕೆ. ಮಾರಿಕುಪ್ಪಂ ಚರಿತ್ರೆ ಎಂದರೆ ಗಣಿಯ ಚರಿತ್ರೆ, ಅಷ್ಟೇ ಅನ್ನುವ ಹಾಗಾಗಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟದ್ದು, 1894ರಲ್ಲಿ ಬೌರಿಂಗ್‌ಪೇಟೆಯಿಂದ (ಈಗಿನ ಬಂಗಾರಪೇಟೆ) ಮಾರಿಕುಪ್ಪಕ್ಕೆ ರೈಲು ಬಂದದ್ದು, 1902ರಲ್ಲಿ ಶಿವನಸಮುದ್ರದ ಕರೆಂಟು ಬಂದದ್ದು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ದು, ಇವೆಲ್ಲ ನಮ್ಮ ಹೈಸ್ಕೂಲು ಹುಡುಗರಿಗೂ ಬಾಯಿಪಾಠ. ಅದನ್ನೇ ಮತ್ತೆ ಬರೆದು ಸದಸ್ಯರ ಕಾಲಹರಣ ಮಾಡುವುದು ಬೇಡವೆಂದು ನಾವು ಬೇರೆ ವಿಷಯ ಹಿಡಿದಿದ್ದೇವೆ.

ಈ ವಿಷಯ ನಮಗೆ ಕೊಟ್ಟವರು ನಮ್ಮ ಮಹಿಳಾ ಸದಸ್ಯರು. ಗಣಿ ಮುಚ್ಚಿದ ಮೇಲೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಮನೆ ಸೇರುತ್ತಾರೆ. ಗಾರ್ಮೆಂಟ್ಸಿನಲ್ಲಿ ಯಾರೋ ಬಣ್ಣ ಹಾಕಿದ ಬಟ್ಟೆಯನ್ನು ಯಾರಿಗೋ ಹೊಲಿದು ಕೊಟ್ಟು ಬರುವ ಕೆಲಸ. ಅವರಲ್ಲಿ ಕೆಲವರು ಕೇಳಿದ ಪ್ರಶ್ನೆ ಇದು: “ಗಿಡದ ಬಣ್ಣದಲ್ಲಿ ಬಟ್ಟೆಗೆ ಅಚ್ಚು ಹಾಕೋದನ್ನ ಕಲೀಬಹುದಂತಲ್ಲಾ, ಸಂಘದಿಂದ ಕಲಿಸೋಕಾಗತ್ತಾ? ಸಾಲ ಬೇಡ, ಕೆಲಸ ಕಲಿಸಿ.” ನ್ಯಾಯವಾದ ಪ್ರಶ್ನೆ. ಹೌದು ಅಥವಾ ಇಲ್ಲ ಎಂದು ಹೇಳುವ ಮೊದಲು, ಈ ವಿದ್ಯೆ ಹಿಂದೆ ಯಾರು ಕಲಿತರು, ಹೇಗೆ ಕಲಿತರು, ಯಾಕೆ ಬಿಟ್ಟರು, ಮತ್ತೆ ಹೇಗೆ ಕಲಿತರು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದೆಂದು ನಮಗೆ ತೋರಿತು.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಹೂವನ್ನೋ ಎಲೆಯನ್ನೋ ಕುದಿಸಿ ಅದರ ರಸದಲ್ಲಿ ಬಟ್ಟೆ ಅದ್ದಿದರೆ ಬಣ್ಣ ಆಯ್ತು ಎಂದು ನಾವೆಲ್ಲ ತಿಳಿದಿರುತ್ತೇವೆ. ಬೀಟ್‌ರೂಟು ಹೆಚ್ಚಿದ ಕೈ ನೋಡಿದರೆ ಹಾಗೇ ಅನಿಸುತ್ತದೆ. ಆದರೆ ಎರಡು ಸಲ ಒಗೆದರೆ ಆ ಬಣ್ಣ ಎಲ್ಲಿರುತ್ತೆ? ಮದುವೆ ಮನೆಯಲ್ಲಿ ಸೀರೆಗೆ ಬಿದ್ದ ಅರಿಶಿನದ ಕಲೆಯನ್ನು ಬಿಸಿಲಿಗೆ ಹಾಕಿ ತೆಗೆಯುವುದು ಎಲ್ಲ ಹೆಂಗಸರಿಗೂ ಗೊತ್ತು. ಹತ್ತಿ ಬಟ್ಟೆ ಸ್ವಭಾವತಃ ಗಿಡದ ಬಣ್ಣವನ್ನು ಹಿಡಿದುಕೊಳ್ಳುವುದಿಲ್ಲ. ರೇಷ್ಮೆ, ಉಣ್ಣೆ ಹಿಡಿದಾವು, ಹತ್ತಿ ಹಿಡಿಯದು. ಅದನ್ನು ಹಿಡಿಸಲು ಎರಡು ಪದಾರ್ಥ ಬೇಕು. ಒಂದು ಒಗರು, ಅದು ಅಳಲೆಕಾಯಿಯಲ್ಲಿದೆ. (ನಮ್ಮೂರಲ್ಲಿ ಅಳಲೆಕಾಯಿ ಅಂದರೆ ಕೆಲವರಿಗೆ ತಿಳಿಯದು, ತಮಿಳಿನವರು ಕಡುಕ್ಕಾಯ್, ತೆಲುಗಿನವರು ಕರಕ್ಕಾಯ ಅಂತಾರೆ, ಅದೇ.) ಇನ್ನೊಂದು ಪಟಿಕ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಆ ಕಲ್ಲು. ಒಗರು ಹತ್ತಿಯನ್ನು ಹಿಡಿಯುತ್ತದೆ, ಪಟಿಕ ಒಗರನ್ನು ಹಿಡಿಯುತ್ತದೆ, ಬೇರಿನ ಬಣ್ಣ ಪಟಿಕವನ್ನು ಕಚ್ಚುತ್ತದೆ. ಈ ಕೊಂಡಿ ಒಂದು ಕಡೆ ಕಳಚಿದರೂ ಬಣ್ಣ ನೀರುಪಾಲು.

ಅಚ್ಚಿನ ವಿದ್ಯೆಯ ಗುಟ್ಟೆಲ್ಲ ಇಲ್ಲೇ ಇದೆ. ಹಳೆಯ ಕಾಲದಲ್ಲಿ ಅಚ್ಚಿಗೆ ಹಚ್ಚುತ್ತಿದ್ದದ್ದು ಬಣ್ಣವನ್ನಲ್ಲ, ಪಟಿಕದ ನೀರನ್ನು. ಗೋಂದು ಸೇರಿಸಿ ಅದನ್ನು ಮಂದ ಮಾಡಿ, ಮರದ ಅಚ್ಚಿನಿಂದ ಬಟ್ಟೆಯ ಮೇಲೆ ಹೂವು ಒತ್ತುತ್ತಾರೆ. ಪಟಿಕದ ನೀರಿಗೆ ಬಣ್ಣವೇ ಇಲ್ಲ, ಒತ್ತಿದ್ದು ಕಣ್ಣಿಗೆ ಕಾಣುವುದಿಲ್ಲ. ಕಾಣಲಿ ಎಂದು ಒಗೆದರೆ ಹೋಗುವಂಥ ಯಾವುದೋ ಕಚ್ಚಾ ಬಣ್ಣವನ್ನು ಒಂದಿಷ್ಟು ಬೆರೆಸಿಕೊಳ್ಳುತ್ತಾರೆ. ನಾಲ್ಕೈದು ದಿನ ಬಿಟ್ಟು, ಹರಿಯುವ ನೀರಿನಲ್ಲಿ ಬಟ್ಟೆಯನ್ನು ಜಾಲಾಡಿ, ಆಮೇಲೆ ಕೆಂಪು ಬೇರಿನ ಹಂಡೆಯಲ್ಲಿ ಕುದಿಸುತ್ತಾರೆ. ಆಗ ಪಟಿಕ ಬಿದ್ದ ಕಡೆಯಷ್ಟೇ ಹೂವು ಕೆಂಪಗೆ ಎದ್ದು ನಿಲ್ಲುತ್ತದೆ. ಉಳಿದ ಕಡೆ ಹತ್ತಿದ ಮಂಕು ಬಣ್ಣ ಸಗಣಿ ನೀರಿಗೂ ಬಿಸಿಲಿಗೂ ಬಿಟ್ಟುಹೋಗುತ್ತದೆ. ಮೊದಲ ಸಲ ನೋಡಿದವರಿಗೆ ಇದು ಇಂದ್ರಜಾಲ. ಎರಡು ಸಾವಿರ ವರ್ಷ ಕೈಯಿಂದ ಕೈಗೆ ಬಂದ ಜಾಣತನ ಎಂದರೂ ಸರಿಯೇ.

ಎಷ್ಟು ಹಳೆಯದು ಎಂದರೆ, ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಸಿಕ್ಕ ಹತ್ತಿ ಬಟ್ಟೆಯ ಚೂರಿನಲ್ಲಿ ಮಂಜಿಷ್ಠದ ಜಾತಿಯ ಕೆಂಪು ಬಣ್ಣವಿತ್ತು. ಈಜಿಪ್ಟಿನ ಫುಸ್ತಾತ್ ಎಂಬ ಹಾಳೂರಿನ ಮಣ್ಣಿನಲ್ಲಿ ಗುಜರಾತಿನ ಅಚ್ಚಿನ ಬಟ್ಟೆಯ ತುಂಡುಗಳು ನೂರಾರು ವರ್ಷದ ಮೇಲೂ ಬಣ್ಣ ಉಳಿಸಿಕೊಂಡು ಸಿಕ್ಕಿವೆ. ಅಷ್ಟು ದೂರ ಬೇಡವೆಂದರೆ ಲೇಪಾಕ್ಷಿಗೆ ಹೋಗಿ ಬನ್ನಿ. ವೀರಭದ್ರಸ್ವಾಮಿ ಗುಡಿಯ ಮೇಲ್ಚಾವಣಿಯಲ್ಲಿ ವಿಜಯನಗರ ಕಾಲದ ಚಿತ್ರಗಳಿವೆ. ಅಲ್ಲಿನ ಹೆಂಗಸರು ಗಂಡಸರು ಉಟ್ಟ ಬಟ್ಟೆಯ ಗೆರೆ, ಚೌಕುಳಿ, ಹೂವು ಒಂದಿದ್ದಂತೆ ಇನ್ನೊಂದಿಲ್ಲ. ನಾವು ಕಂಬದ ಕೆಳಗೆ ಬಟ್ಟೆ ತೂರಿಸುವ ಗಲಾಟೆಯಲ್ಲಿ ತಲೆಯೆತ್ತಿ ನೋಡುವುದೇ ಇಲ್ಲ.

ಸಮುದ್ರದ ಕಡೆ, ಅಂದರೆ ಮಚಲೀಪಟ್ಟಣದಿಂದ ಪುದುಚೇರಿಯ ತನಕದ ಕರಾವಳಿಯಲ್ಲಿ, ಈ ಕೆಲಸ ಜಗತ್ತಿಗೇ ಹೆಸರಾಗಿತ್ತು. ಅಲ್ಲಿನ ಮರಳುನೆಲದಲ್ಲಿ ಬೆಳೆಯುವ ಒಂದು ಸಣ್ಣ ಗಿಡದ ಬೇರು ಕೆಂಪಿಗೆ ಮೂಲ. ತೆಲುಗಿನಲ್ಲಿ ಚಿರಿವೇರು, ತಮಿಳಿನಲ್ಲಿ ಸಾಯವೇರು. ನಮ್ಮ ಓಣಿಗಳಲ್ಲಿ ಬಣ್ಣಕ್ಕೆ ಇವತ್ತಿಗೂ ‘ಸಾಯಂ’ ಅನ್ನುತ್ತಾರಲ್ಲ, ಅದೇ ಮಾತು. ಅದನ್ನೇ ಇಂಗ್ಲಿಷಿನವರು ‘ಚಾಯ್’ ಎಂದು ಬರೆದುಕೊಂಡರು. ಚಹಾಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಚೀಟಿ ಬಟ್ಟೆಗೆ ಯುರೋಪಿನಲ್ಲಿ ಎಂಥ ಹುಚ್ಚು ಹಿಡಿಯಿತೆಂದರೆ, ಅಲ್ಲಿನ ನೇಕಾರರ ಹೊಟ್ಟೆಯ ಮೇಲೆ ಹೊಡೆತ ಬಿತ್ತೆಂದು 1686ರಲ್ಲಿ ಫ್ರಾನ್ಸ್ ಸರ್ಕಾರ ಅದನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ 1700ರಲ್ಲೂ 1721ರಲ್ಲೂ ಕಾಯಿದೆ ಬಂತು. 1719ರಲ್ಲಿ ಲಂಡನ್ನಿನ ನೇಕಾರರು ರೊಚ್ಚಿಗೆದ್ದು, ಬೀದಿಯಲ್ಲಿ ಹೋಗುವ ಹೆಂಗಸರ ಮೈಮೇಲಿನ ಅಚ್ಚಿನ ಬಟ್ಟೆಯನ್ನೇ ಹರಿದುಹಾಕಿದರು. ನಮ್ಮ ಕಡೆಯ ಒಂದು ಬೇರಿನ ಬಣ್ಣಕ್ಕೆ ಲಂಡನ್ನಿನಲ್ಲಿ ದೊಂಬಿ!

ನಿಷೇಧದಿಂದ ಆಗದ ಕೆಲಸವನ್ನು ಅವರು ಕಲಿತು ಸಾಧಿಸಿದರು. ಇದು ಈ ಚರಿತ್ರೆಯ ಮುಖ್ಯ ಘಟ್ಟ, ಸ್ವಲ್ಪ ನಿಧಾನವಾಗಿ ಓದಬೇಕು. 1734ರ ಸುಮಾರಿಗೆ ಬೋಲ್ಯೂ ಎಂಬ ಫ್ರೆಂಚ್ ನೌಕಾಧಿಕಾರಿ ಪುದುಚೇರಿಯಲ್ಲಿ ಕೆಲಸಗಾರರ ಎದುರಿಗೆ ಕೂತು, ಒಂದೊಂದು ಹಂತ ಮುಗಿದಾಗಲೂ ಬಟ್ಟೆಯ ಒಂದು ತುಂಡು ಕತ್ತರಿಸಿಟ್ಟುಕೊಂಡ. ಹೀಗೆ 11 ತುಂಡು, ಪ್ರತಿಯೊಂದಕ್ಕೂ ವಿವರಣೆ, ಎಲ್ಲ ಪ್ಯಾರಿಸ್ಸಿಗೆ ಹೋಯಿತು. 1742ರಲ್ಲಿ ಕರ್ದೂ ಎಂಬ ಜೆಸ್ವಿಟ್ ಪಾದ್ರಿ, ತನ್ನ ಮತಕ್ಕೆ ಸೇರಿದ್ದ ಕೆಲಸಗಾರರನ್ನು ಕೇಳಿ ತಿಳಿದುಕೊಂಡು ಅಳಲೆಕಾಯಿ, ಎಮ್ಮೆಹಾಲು, ಪಟಿಕ, ಬೇರು ಎಲ್ಲವನ್ನೂ ಉದ್ದದ ಕಾಗದದಲ್ಲಿ ಬರೆದು ಕಳಿಸಿದ. ಎಮ್ಮೆಹಾಲು ಯಾಕೆಂದರೆ, ಅದರ ಜಿಡ್ಡಿನಿಂದ ಬರೆದ ಗೆರೆ ಬಟ್ಟೆಯ ಮೇಲೆ ಹರಡುವುದಿಲ್ಲ. 1759ರಲ್ಲಿ ಫ್ರಾನ್ಸ್ ನಿಷೇಧ ತೆಗೆಯಿತು. 1760ರಲ್ಲಿ ಓಬರ್‌ಕಾಂಫ್ ಎಂಬಾತ ಪ್ಯಾರಿಸ್ಸಿನ ಹತ್ತಿರ ಜೂಯಿ ಎಂಬ ಊರಲ್ಲಿ ಅಚ್ಚಿನ ಕಾರ್ಖಾನೆ ಇಟ್ಟ. 1783ರಲ್ಲಿ ಉರುಳುವ ತಾಮ್ರದ ಅಚ್ಚು ಬಂತು. ನಮ್ಮವರು ಇದನ್ನು ಮನೆಯ ಗುಟ್ಟು ಎಂದು ಮಗನಿಗಷ್ಟೇ ಹೇಳುತ್ತಿದ್ದರು, ಕಾಗದದ ಮೇಲೆ ಇಡಲಿಲ್ಲ. ಅವರು ಇಟ್ಟರು. ಆ ಪಾದ್ರಿ ಮೋಸ ಮಾಡಿದನೆಂದು ಬೈಯುವವರಿದ್ದಾರೆ, ನಮಗೆ ಹಾಗೆ ಕಾಣುವುದಿಲ್ಲ. ಕೇಳಿದ, ಹೇಳಿದರು, ಬರೆದುಕೊಂಡ. ಬರೆದಿಟ್ಟ ವಿದ್ಯೆಯ ಮುಂದೆ ಬಾಯಿಮಾತಿನ ವಿದ್ಯೆ ಸೋತಿತು.

ಇನ್ನು ನಮ್ಮ ನಾಡಿಗೆ ಬರೋಣ. ಟಿಪ್ಪು ಸುಲ್ತಾನ್ ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯ ಬೆಳೆ, ಕಸುಬು, ವ್ಯಾಪಾರ ನೋಡಿ ಬರೆದುಕೊಂಡು ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿದ. ಆತ ಮದರಾಸಿನಿಂದ ಹೊರಟು ಮೈಸೂರು ಸೀಮೆಯೊಳಗೆ ಬಂದದ್ದು ನಮ್ಮ ದಾರಿಯಲ್ಲೇ: ವೆಂಕಟಗಿರಿಕೋಟೆ, ಬೇತಮಂಗಲ, ಟೇಕಲ್, ವಲೂರು, ಅಲ್ಲಿಂದ ಬೆಂಗಳೂರು. ನಮ್ಮ ಪಕ್ಕದ ಬೇತಮಂಗಲ, ಟೇಕಲ್ ಆ ಪುಸ್ತಕದಲ್ಲಿವೆ ಎಂಬುದು ನಮ್ಮವರಲ್ಲಿ ಬಹಳ ಜನಕ್ಕೆ ತಿಳಿಯದು. ಬೆಂಗಳೂರಿನ ನೇಕಾರರು, ಬಣ್ಣದವರ ಬಗ್ಗೆ ಆತ ಪುಟಗಟ್ಟಲೆ ಬರೆದಿದ್ದಾನೆ. ಮಡ್ಡಿ ಬೇರಿನಿಂದ ಕೆಂಪು, ಪಾಪ್ಲಿ ಚಕ್ಕೆ, ರೇಷ್ಮೆಗೆ ಅರಗಿನ ಕೆಂಪು, ಕಪಿಲದ ಪುಡಿಯಿಂದ ಕಿತ್ತಳೆ, ಕಾರನೀಲಿ ಎಲ್ಲವೂ ಅಲ್ಲಿವೆ. ಅವನ ಮೂರು ಸಂಪುಟ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ನೀಲಿ ಅದ್ದುವುದೇ ಕಸುಬಾಗಿದ್ದ ನೀಲಗಾರರು, ಬಣ್ಣ ಹಾಕಿ ಅಚ್ಚು ಒತ್ತುತ್ತಿದ್ದ ರಂಗಾರಿಗಳು ನಮ್ಮ ನಾಡಿನ ಪೇಟೆಗಳಲ್ಲಿ ಇದ್ದರು. ರಂಗಾರಿಗಳಲ್ಲಿ ಬಹುಪಾಲು ಜನ ಆಮೇಲೆ ಹೊಲಿಗೆ ಯಂತ್ರ ಹಿಡಿದರು. ಹೆಸರಿನಲ್ಲಿ ರಂಗು ಉಳಿಯಿತು, ಕೈಯಲ್ಲಿ ಕತ್ತರಿ ಬಂತು.

ಯಾಕೆ ಬಿಟ್ಟರು? ಮಿಲ್ಲು ಬಂತು, ಕಸುಬು ಹೋಯಿತು ಎಂದು ಒಂದೇ ಮಾತಿನಲ್ಲಿ ಹೇಳುವುದು ರೂಢಿ. ಅದು ಅರ್ಧ ಸತ್ಯ. 1856ರಲ್ಲಿ ಪರ್ಕಿನ್ ಎಂಬ 18 ವರ್ಷದ ಇಂಗ್ಲಿಷ್ ಹುಡುಗ ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. 1868ರಲ್ಲಿ ಇಬ್ಬರು ಜರ್ಮನ್ ವಿಜ್ಞಾನಿಗಳು, ಗ್ರೇಬೆ ಮತ್ತು ಲೀಬರ್‌ಮನ್, ಮಂಜಿಷ್ಠದ ಜಾತಿಯ ಬೇರಿನಲ್ಲಿರುವ ಕೆಂಪು ಸತ್ವವನ್ನೇ ಡಾಂಬರಿನಿಂದ ತಯಾರಿಸಿದರು. ಅದರ ಹೆಸರು ಅಲಿಜರಿನ್. ಇದರಿಂದ ಬೇರು ಅಗೆಯುವವರ ಬೆಳೆ ಹೋಯಿತು ನಿಜ. ಆದರೆ ಅಲಿಜರಿನ್ನಿಗೂ ಅಳಲೆಕಾಯಿ ಬೇಕಿತ್ತು, ಪಟಿಕ ಬೇಕಿತ್ತು, ಹರಿಯುವ ನೀರು ಬೇಕಿತ್ತು. ಬೇರಿನ ಬದಲು ಡಬ್ಬಿ ಬಂತು, ಉಳಿದ ಕೈಕೆಲಸ ಹಾಗೇ ಇತ್ತು. ಮಚಲೀಪಟ್ಟಣದ ಹತ್ತಿರ ಪೆಡನದಲ್ಲಿ ಅಚ್ಚು ಹಾಕುವವರು ಅಲಿಜರಿನ್ ಹಾಕಿಕೊಂಡೇ ಕಸುಬು ಉಳಿಸಿಕೊಂಡದ್ದು ಹೀಗೆ.

ನಿಜವಾದ ಪೆಟ್ಟು ಬಿದ್ದದ್ದು 1884ರಲ್ಲಿ. ಆ ವರ್ಷ ಜರ್ಮನಿಯಲ್ಲಿ ಕಾಂಗೋ ಕೆಂಪು ಎಂಬ ಬಣ್ಣ ಬಂತು. ಅದಕ್ಕೆ ಒಗರೂ ಬೇಡ, ಪಟಿಕವೂ ಬೇಡ. ಬಿಸಿನೀರಿಗೆ ಪುಡಿ ಹಾಕು, ಉಪ್ಪು ಹಾಕು, ಹತ್ತಿ ಬಟ್ಟೆ ಅದ್ದು, ಮುಗೀತು. ಇವತ್ತು ಸಂತೆಯಲ್ಲಿ ಸಿಗುವ ಬಣ್ಣದ ಪುಡಿಯ ಪೊಟ್ಟಣದ ಮುತ್ತಜ್ಜ ಅದು. ಇಪ್ಪತ್ತು ದಿನದ ಕೆಲಸ ಅರ್ಧ ಗಂಟೆಗೆ ಇಳಿದ ಮೇಲೆ ಯಾರು ತಾನೇ ಮಗನನ್ನು ಕೂರಿಸಿಕೊಂಡು ಪಟಿಕದ ಹದ ಕಲಿಸುತ್ತಾರೆ? 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕೃತಕ ನೀಲಿಯನ್ನು ಮಾರಲು ಶುರುಮಾಡಿತು, ನೀಲಿಯೂ ಹೋಯಿತು. ನಮ್ಮೂರಿಗೆ ರೈಲು ಬಂದು ಮೂರು ವರ್ಷವಾಗಿತ್ತು. ಗಿಡಗಳೇನೂ ಊರು ಬಿಟ್ಟು ಹೋಗಲಿಲ್ಲ. ತಂಗಡಿ, ತಗಚೆ, ಹುಣಸೆ, ಮುತ್ತುಗ ಎಲ್ಲ ನಿಂತಲ್ಲೇ ನಿಂತವು. ಹೋದದ್ದು ಅವುಗಳನ್ನು ಬಟ್ಟೆಗೆ ಕಚ್ಚಿಸುವ ಕೈ.

ಇಲ್ಲಿ ಒಂದು ಮಾತು ಹೇಳದಿದ್ದರೆ ಲೇಖನ ಏಕಪಕ್ಷೀಯವಾದೀತು. ಗಿಡದ ಬಣ್ಣ ಎಂದ ಕೂಡಲೆ ಎಲ್ಲ ಪವಿತ್ರ, ಹಿಂದಿನ ಕಾಲ ಬಂಗಾರ ಎಂದು ಭಾಷಣ ಮಾಡುವವರಿದ್ದಾರೆ. ನೀಲಿ ಬೆಳೆದ ರೈತನನ್ನು ಕೇಳಿದ್ದರೆ ಬೇರೆ ಕಥೆ ಹೇಳುತ್ತಿದ್ದ. ಬಂಗಾಳದಲ್ಲಿ 1859ರಲ್ಲಿ ರೈತರು ನೀಲಿ ಬೆಳೆಯುವುದಿಲ್ಲ ಎಂದು ದಂಗೆ ಎದ್ದರು. ಬಿಹಾರದ ಚಂಪಾರಣ್ಯದಲ್ಲಿ ಒಂದು ಬಿಘಾ, ಅಂದರೆ 20 ಕಟ್ಟಾ ಜಮೀನಿದ್ದರೆ ಅದರಲ್ಲಿ 3 ಕಟ್ಟಾದಲ್ಲಿ ದೊರೆಗೆ ನೀಲಿ ಬೆಳೆದುಕೊಡಲೇಬೇಕಿತ್ತು. 1917ರಲ್ಲಿ ಗಾಂಧೀಜಿ ಹೋಗಿ ಹೋರಾಡಿದ್ದು ಇದಕ್ಕೇ. ಬೆಳೆದವನಿಗೂ ಬಣ್ಣ ಹಾಕಿದವನಿಗೂ ಬೆಲೆ ಕಟ್ಟುವ ಅಧಿಕಾರ ಇಲ್ಲದಿದ್ದರೆ ಬಣ್ಣ ಗಿಡದ್ದಾದರೇನು, ಡಬ್ಬಿಯದಾದರೇನು. ಸಹಕಾರ ಸಂಘದ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಹೇಗೆ ಕಲಿತರು ಎಂಬ ಭಾಗ ನಮಗೆ ಬಹಳ ಹತ್ತಿರದ್ದು. ನಮ್ಮ ಕಡೆಯವರು ತಿರುಪತಿಗೆ ಹೋದರೆ ಹಾಗೇ ಕಾಳಹಸ್ತಿಗೂ ಹೋಗಿ ರಾಹು ಕೇತು ಪೂಜೆ ಮಾಡಿಸಿಕೊಂಡು ಬರುವುದುಂಟು. ಆ ಊರಿನ ಸ್ವರ್ಣಮುಖಿ ನದಿಯ ದಡದಲ್ಲಿ ಬಟ್ಟೆಯ ಮೇಲೆ ಕಲಮಿನಿಂದ ರಾಮಾಯಣ, ಮಹಾಭಾರತದ ಕಥೆ ಬರೆಯುವ ಕೆಲಸ ಹಳೆಯದು. ಈಗ ಕಲಂಕಾರಿ ಎನ್ನುತ್ತೇವೆ, ತೆಲುಗಿನವರ ಹಳೆಯ ಹೆಸರು ‘ವ್ರಾತಪನಿ’, ಬರವಣಿಗೆಯ ಕೆಲಸ. ಮಚಲೀಪಟ್ಟಣದ್ದು ಅಚ್ಚು, ಕಾಳಹಸ್ತಿಯದು ಕಲಮು. ಅಡಿಯಲ್ಲಿರುವ ಅಳಲೆಕಾಯಿ, ಪಟಿಕದ ವಿದ್ಯೆ ಎರಡಕ್ಕೂ ಒಂದೇ. ಸ್ವಾತಂತ್ರ್ಯ ಬರುವ ಹೊತ್ತಿಗೆ ಅಲ್ಲಿ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದರು. ಅವರ ಆಸಕ್ತಿಯಿಂದ 1957ರಲ್ಲಿ ಕಾಳಹಸ್ತಿಯಲ್ಲಿ ತರಬೇತಿ ಕೇಂದ್ರ ಶುರುವಾಯಿತು. ಕಲಿಸಲು ಕೂತವರು ಜೊನ್ನಲಗಡ್ಡ ಲಕ್ಷ್ಮಯ್ಯನವರು. ಸರ್ಕಾರದ ಯೋಜನೆಗಳು ಏನೇನಾಗುತ್ತವೆ ಎಂದು ನಾವೆಲ್ಲ ಕಂಡವರೇ, ಆದರೆ ಇದು ಫಲಿಸಿತು. ಮನೆಯ ಗುಟ್ಟಾಗಿದ್ದದ್ದು ತರಗತಿಯ ಪಾಠವಾಯಿತು. ಹೆಂಗಸರೂ ಕಲಿತರು, ಮನೆತನದ ಹೊರಗಿನವರೂ ಕಲಿತರು. ಲಕ್ಷ್ಮಯ್ಯನವರ ಮಗ ಗುರಪ್ಪಶೆಟ್ಟಿಯವರಿಗೆ 2008ರಲ್ಲಿ ಪದ್ಮಶ್ರೀ ಬಂತು. ಇಂದು ಕಾಳಹಸ್ತಿಯ ಬೀದಿಯಲ್ಲಿ ನೀವು ನೋಡುವ ಕೆಲಸದ ಬೇರು ಆ ಒಂದು ಕೊಠಡಿಯ ಕಡೆಗೇ ಹೋಗುತ್ತದೆ. (ಅಂಗಡಿಯಲ್ಲಿ ಕಲಂಕಾರಿ ಎಂದು ಮಾರುವುದೆಲ್ಲ ಕಲಂಕಾರಿಯಲ್ಲ, ಸ್ಕ್ರೀನ್ ಪ್ರಿಂಟೂ ಬಹಳ. ಕೊಳ್ಳುವ ಮುಂಚೆ ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ, ಕೈಕೆಲಸದಲ್ಲಿ ಒಂದು ಎಲೆಯಿದ್ದಂತೆ ಇನ್ನೊಂದು ಇರದು.)

ಅಲ್ಲಿ ಕಲಿಸುವ ಕ್ರಮ ನೋಡಿದರೆ ಸಾಮಾನೆಲ್ಲ ನಮ್ಮ ಹೊಲದ ಬದುವಿನದೇ. ಮೊದಲ ನಕ್ಷೆ ಬರೆಯುವ ಇದ್ದಿಲು ಹುಣಸೆ ಕಡ್ಡಿ ಸುಟ್ಟು ಮಾಡಿದ್ದು. ಕಲಮು ಎಂದರೆ ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ ದಾರ ಬಿಗಿದದ್ದು. ಗಂಜಿ ತೆಗೆದ ಬಟ್ಟೆಯನ್ನು ಅಳಲೆಕಾಯಿ ಪುಡಿ, ಹಸಿ ಎಮ್ಮೆಹಾಲು ಕದಡಿದ ನೀರಿನಲ್ಲಿ ಹಿಂಡಿ ಬಿಸಿಲಿಗೆ ಹಾಕುತ್ತಾರೆ. ಕಿಲೋ ಬಟ್ಟೆಗೆ 150ರಿಂದ 200 ಗ್ರಾಂ ಅಳಲೆಕಾಯಿ ಪುಡಿ ಹಿಡಿಯಬಹುದು. ಕಪ್ಪಿಗೆ ‘ಕಸಿಮಿ’ ಎಂಬ ನೀರು. ತುಕ್ಕು ಹಿಡಿದ ಕಬ್ಬಿಣದ ಚೂರನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ವಾರ ಕೊಳೆಹಾಕಿದರೆ ಆಯಿತು. ಈ ನೀರು ನೋಡಲು ಕಂದು, ಆದರೆ ಅಳಲೆಕಾಯಿ ಹಿಡಿದ ಬಟ್ಟೆಗೆ ತಾಗಿದೊಡನೆ ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಹಿಂದೆ ಅಯ್ಯನವರ ಮಠದಲ್ಲಿ ಅಳಲೆಕಾಯಿಗೆ ಅನ್ನಭೇದಿ ಹಾಕಿ ಮಸಿ ಮಾಡುತ್ತಿದ್ದರಲ್ಲ, ಅದೇ ತತ್ವ. ಅಚ್ಚಿಗಾದರೆ ಈ ಕಸಿಮಿಗೆ ಹುಣಸೆಬೀಜದ ಹಿಟ್ಟಿನ ಅಂಟು ಕಾಸಿ ಬೆರೆಸಬೇಕು. ಕೋಲಾರದ ಹುಣಸೆ ಊರೂರಿಗೆ ಹೋಗುತ್ತದೆ, ಬೀಜಕ್ಕೆ ನಮ್ಮಲ್ಲಿ ಕೇಳುವವರಿಲ್ಲ. ತುಕ್ಕು ಕಬ್ಬಿಣದ ವಿಷಯ ಮಾರಿಕುಪ್ಪದವರಿಗೆ ಹೇಳುವುದೇ ಬೇಡ. ಒಂದು ಎಚ್ಚರಿಕೆ: ಕಬ್ಬಿಣ ಅತಿಯಾದರೆ ನೂಲನ್ನೇ ತಿನ್ನುತ್ತದೆ. ಹಳೆಯ ಕಲಂಕಾರಿಗಳಲ್ಲಿ ಮೊದಲು ಹರಿಯುವುದು ಕಪ್ಪು ಗೆರೆಗಳೇ.

ಹಳದಿಗೆ ದಾಳಿಂಬೆ ಸಿಪ್ಪೆ, ಮುತ್ತುಗದ ಹೂವು, ಚೆಂಡುಹೂವು. ಚೆಂಡುಹೂವಿನ ಮಾತು ಬಂದಾಗ ನಮ್ಮ ರೈತ ಸದಸ್ಯರು ನಗಬಹುದು. ದೀಪಾವಳಿ ಕಳೆದ ಮರುದಿನ ಕೇಳುವವರಿಲ್ಲದೆ ರಸ್ತೆ ಬದಿ ಸುರಿದು ಹೋಗುವ ಹೂವು ಅದು. ಪಟಿಕ ಹಿಡಿದ ಬಟ್ಟೆಗೆ ಅದು ಒಳ್ಳೆಯ ಹಳದಿ ಕೊಡುತ್ತದೆ, ಬಟ್ಟೆಯ ತೂಕದಷ್ಟಾದರೂ ಹಸಿಹೂವು ಬೇಕು, ಒಣಗಿಸಿಟ್ಟರೂ ಕೆಡುವುದಿಲ್ಲ. ಅದೇ ಹಳದಿಯ ಮೇಲೆ ಕಸಿಮಿ ತೆಳುವಾಗಿ ಹಾಯಿಸಿದರೆ ಪಾಚಿ ಹಸಿರು. ನೀಲಿ ಇವೆಲ್ಲಕ್ಕಿಂತ ಕಷ್ಟ. ಅದಕ್ಕೆ ಪಟಿಕ ಬೇಡ, ಹುಳಿಸಿದ ತೊಟ್ಟಿ ಬೇಕು. ಸುಣ್ಣದ ನೀರು, ಬೇಯಿಸಿದ ತಗಚೆ ಬೀಜ, ಬೆಲ್ಲ ಸೇರಿಸಿ ಹುದುಗು ಬರಿಸುತ್ತಾರೆ. ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಸಿರು, ಗಾಳಿಗೆ ಹಿಡಿದರೆ ಕಣ್ಣೆದುರೇ ನೀಲಿ. ಹೊಸದಾಗಿ ಕಲಿಯುವವರು ನೀಲಿಯಿಂದ ಶುರುಮಾಡಬಾರದು ಎಂಬುದು ನಮ್ಮ ಅಭಿಪ್ರಾಯ.

1990ರ ದಶಕದಲ್ಲಿ ಈ ವಿದ್ಯೆಗೆ ಮತ್ತೆ ಬೇಡಿಕೆ ಬಂದದ್ದಕ್ಕೂ ಕಾಂಗೋ ಕೆಂಪಿನ ವಂಶಕ್ಕೂ ಸಂಬಂಧವಿದೆ. ಆ ಜಾತಿಯ ಕೆಲವು ಬಣ್ಣಗಳಿಂದ ಕ್ಯಾನ್ಸರ್ ತರುವ ಪದಾರ್ಥ ಬಿಡುಗಡೆಯಾಗುತ್ತದೆಂದು ಗೊತ್ತಾಗಿ 1994ರಲ್ಲಿ ಜರ್ಮನಿ ಅವುಗಳನ್ನು ನಿಷೇಧಿಸಿತು, ಅದೇ ದಶಕದಲ್ಲಿ ನಮ್ಮ ದೇಶವೂ ನಿಷೇಧಿಸಿತು. ಬಣ್ಣ ಕಂಡುಹಿಡಿದ ದೇಶವೇ ಬಾಗಿಲು ಹಾಕಿತು ನೋಡಿ.

ನಮ್ಮ ನಾಡಿನಲ್ಲಿ, ಅದೂ ಸಹಕಾರ ಸಂಘದ ಮೂಲಕ, ಈ ಕೆಲಸ ಮಾಡಿ ತೋರಿಸಿದವರು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ಹೆಂಗಸರು. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘ ಹುಟ್ಟಿತು. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರನ್ನು ಬಟ್ಟೆಗೆ ಹಾಕಿ ಕೆಂಗಂದು ತೆಗೆದರು. ನೂಲಿಗೆ ಬಣ್ಣ, ಮಗ್ಗ, ಅಚ್ಚು, ಹೊಲಿಗೆ ಎಲ್ಲ ಒಂದೇ ಕಡೆ. ಮಾರಾಟಕ್ಕೆ ‘ದೇಸಿ’ ಅಂಗಡಿಗಳು. ಕೈಮಗ್ಗದ ಗಿಡಬಣ್ಣದ ಜುಬ್ಬ ಎಂದರೆ ಬೆಂಗಳೂರಿನಲ್ಲಿ ಜನಕ್ಕೆ ಗುರುತು ಸಿಗುವಷ್ಟು ಹೆಸರಾಯಿತು. ಅಂಥ ಸಂಘವೂ 2020ರಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿ ಕೆಲಸ ನಿಲ್ಲಿಸಬೇಕಾಗಿ ಬಂತೆಂದು ಪತ್ರಿಕೆಗಳಲ್ಲಿ ಓದಿದೆವು. ಅದು ಕೊರೋನಾ ವರ್ಷ ಬೇರೆ. ಇಷ್ಟು ಹೆಸರಿದ್ದ ಸಂಘಕ್ಕೂ ದಾಸ್ತಾನು ಕಪಾಟಿನಲ್ಲಿ, ಹಣ ಹೊರಗೆ ಎಂಬ ಕಾಲ ಬರಬಹುದು ಎಂದ ಮೇಲೆ ನಮ್ಮಂಥವರು ಎಷ್ಟು ಲೆಕ್ಕ ಹಾಕಬೇಕು!

ಆದ್ದರಿಂದ ಮಹಿಳಾ ಸದಸ್ಯರ ಪ್ರಶ್ನೆಗೆ ನಾವು ಕಂಡುಕೊಂಡದ್ದನ್ನು ಇದ್ದಹಾಗೆ ಹೇಳುತ್ತೇವೆ. ಕಲಿಯಬಹುದು, ಸಂಶಯವಿಲ್ಲ. ಕಾಳಹಸ್ತಿಯಲ್ಲಿ, ಭೀಮನಕೋಣೆಯಲ್ಲಿ ಕಲಿತವರೆಲ್ಲ ಆ ಕಸುಬಿನ ಮನೆಯಲ್ಲಿ ಹುಟ್ಟಿದವರಲ್ಲ. ತೊಡಕಿರುವುದು ನೀರಿನಲ್ಲಿ. ಕಾಳಹಸ್ತಿಯವರಿಗೆ ಸ್ವರ್ಣಮುಖಿ ಇದೆ. ನಮ್ಮ ಪಾಲಾರ್ ಹರಿಯುವುದು ಒಳ್ಳೆ ಮಳೆಯಾದ ವರ್ಷ, ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಕಬ್ಬಿಣದ ಅಂಶವಿರುವ ನೀರಿನಲ್ಲಿ ಹಳದಿ ಮಂಕಾಗುತ್ತದೆ, ಕೆಂಪು ಕಂದಾಗುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳುವ ತೊಟ್ಟಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವಂತಿಲ್ಲ. ಇನ್ನೊಂದು, ಬಣ್ಣ ಗಾಢ ಮಾಡಲು ಮೈಲುತುತ್ತ ಹಾಕಿ ಅದನ್ನೂ ‘ನೈಸರ್ಗಿಕ’ ಎಂದು ಕಲಿಸುವವರಿದ್ದಾರೆ. ಸೈನೇಡ್ ದಿಬ್ಬದ ಧೂಳು ಕುಡಿದು ಬೆಳೆದ ಊರು ನಮ್ಮದು. ಇನ್ನೊಂದು ವಿಷವನ್ನು ಮೋರಿಗೆ ಬಿಡುವುದಕ್ಕೆ ಈ ಸಂಘದ ದುಡ್ಡು ಹೋಗಬಾರದು. ಅಳಲೆಕಾಯಿ, ಪಟಿಕ, ಕಬ್ಬಿಣ, ಈ ಮೂರರ ಆಚೆಗೆ ಹೋಗುವುದು ಬೇಡ.

ಮಾರಾಟದ ವಿಷಯದಲ್ಲಿ, ಸೀರೆಗೆ ಹೋಗುವ ಬದಲು ಟವೆಲು, ದಿಂಬಿನ ಗೌಸು, ಕೈಚೀಲದಂಥ ಸಣ್ಣ ಸಾಮಾನಿನಿಂದ ಶುರುಮಾಡಿ, ಮೊದಲ ವರ್ಷ ಕಪ್ಪು ಮತ್ತು ಹಳದಿ ಎರಡೇ ಬಣ್ಣ ಇಟ್ಟುಕೊಂಡರೆ ಬಂಡವಾಳ ಕಡಿಮೆ ಸಾಕು. ನಾಲ್ಕು ತೇಗದ ಅಚ್ಚು, ಗೋಣಿ ಹಾಸಿ ಮೆತ್ತಗೆ ಮಾಡಿದ ಒಂದು ಉದ್ದನೆ ಮೇಜು, ಎರಡು ಸ್ಟೀಲು ಹಂಡೆ, ಮಳೆನೀರಿನ ತೊಟ್ಟಿ. (ಕಬ್ಬಿಣದ ಹಂಡೆ ಮಾತ್ರ ಬೇಡ, ಹಳದಿಯೆಲ್ಲ ಬೂದಿಯಾದೀತು.) ಮೊದಲು ಇಬ್ಬರೋ ಮೂವರೋ ಹೋಗಿ ಕಲಿತುಬಂದು, ಹಂತಹಂತಕ್ಕೂ ಒಂದೊಂದು ತುಂಡು ಬಟ್ಟೆ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ತೂಕ, ದಿನ, ನೀರು ಎಲ್ಲ ಕನ್ನಡದಲ್ಲಿ ಬರೆದು ಸಂಘದ ಕಚೇರಿಯಲ್ಲಿ ಇಡಬೇಕು. ಆ ಪುಸ್ತಕ ಯಾರ ಮನೆಯದೂ ಆಗಿರಬಾರದು, ಸಂಘದ ಆಸ್ತಿಯಾಗಿರಬೇಕು. ಖರ್ಚಿನ ಅಂದಾಜನ್ನು ಬರುವ ಸರ್ವಸದಸ್ಯರ ಸಭೆಯ ಮುಂದೆ ಇಡುತ್ತೇವೆ. ಅಷ್ಟರಲ್ಲಿ ತಮ್ಮ ಬಾವಿ, ಬೋರ್‌ವೆಲ್ಲಿನ ನೀರಿನಲ್ಲಿ ಒಂದು ಹಿಡಿ ಚೆಂಡುಹೂವು ಕುದಿಸಿ, ಪಟಿಕ ಹಾಕಿದ ಬಿಳಿ ಚಿಂದಿಯೊಂದನ್ನು ಅದ್ದಿ, ಒಣಗಿಸಿ, ಯಾವ ಊರಿನ ಯಾವ ನೀರು ಎಂದು ಚೀಟಿ ಬರೆದು ಕಚೇರಿಗೆ ತಂದುಕೊಡಬೇಕೆಂದು ಸದಸ್ಯರಲ್ಲಿ ವಿನಂತಿ.